ಸಣ್ಣಯ್ಯ ಎಲ್ಲಾ ನೋಡಿಯೇ ಹೊರಟ

ಬಸ್ಸಿನ ಮಾಲೀಕ ಅನಂತಪದ್ಮನಾಭರಾಯರು ಜನ್ಮದಲ್ಲಿ ಒಂದೇ ಒಂದು ಸಲ ವಿಮಾನ ಹತ್ತಿದ್ದು ಡ್ರೈವರ್ ಸಣ್ಣಯ್ಯನಿಗೆ ಗ್ರಹಚಾರವಾಗಿ ವಕ್ಕರಿಸಿತು. ಮದ್ರಾಸಿಗೆ ಹಾರುವ ಮುಂಚೆ ರಾಯರು ಪೈಲಟ್ಟುಗಳು ಕೂರುವ ಕೋಣೆಯೊಳಗೆ ಇಣುಕಿದ್ದರು. ಒಬ್ಬ ಒಂದೊಂದೇ ಹೆಸರು ಹಿಡಿದು ಕೇಳುತ್ತಾನಂತೆ, ಇನ್ನೊಬ್ಬ ಅದನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ, ಸರಿಯಿದೆ ಅನ್ನುತ್ತಾನಂತೆ. ಆಮೇಲೇ ವಿಮಾನ ಮೇಲೇಳುವುದು. ರಾಯರು ಊರಿಗೆ ಬಂದವರೇ, ನಂಜನಗೂಡಿಗೂ ನರಸೀಪುರಕ್ಕೂ ಓಡುವ ತಮ್ಮ ಬಸ್ಸಿಗೂ ಆ ಶಾಸ್ತ್ರ ಅಂಟಿಸಿದರು. ಪೈಲಟ್ಟು ಜನರ ಜತೆ ಹರಟೆ ಹೊಡೆಯುವುದಿಲ್ಲ ಅಂತ ಡ್ರೈವರ್ ಸೀಟಿನ ಹಿಂದೆ ಹಲಗೆಯ ಅಡ್ಡಗೋಡೆಯನ್ನೂ ಹೊಡೆಸಿದರು.

ಮೊದಮೊದಲು ಸಣ್ಣಯ್ಯ ನೋಡಿಯೇ ಹೇಳಿದ. ಬರಬರುತ್ತಾ ಬಾಯಿ ತಾನಾಗಿ ಹೇಳತೊಡಗಿತು. ಕಂಡಕ್ಟರ್ ಮಹದೇವ "ಬ್ರೇಕು?" ಅಂದರೆ "ಐತೆ", "ಸ್ಟೆಪ್ನಿ?" ಅಂದರೆ "ಐತೆ". ಪುರೋಹಿತರು ಹೇಳಿದ್ದಕ್ಕೆಲ್ಲ ಮಮ ಅನ್ನುವ ಹಾಗೆ. ದಿನಾ ಕೇಳಿ ಕೇಳಿ ಪ್ರಯಾಣಿಕರಿಗೂ ಬಾಯಿಪಾಠವಾಯಿತು. ಹೋದ ವಾರ ಮಹದೇವ "ಡೀಸೆಲ್ಲು?" ಅಂದಾಗ ಇಡೀ ಬಸ್ಸೇ "ಐತೆ" ಅಂದಿತು. ಬಸ್ಸು ಕಬ್ಬಿನ ಗದ್ದೆಗಳ ನಡುವೆ ಹೋಗಿ ನಿಂತಿತು. ಕೂಗಿದವರೇ ಇಳಿದು ತಳ್ಳಿದರು.

"ಸೋಮವಾರ ನಾನೇ ನಿನ್ನ ಬಸ್ಸಲ್ಲಿ ಬರ್ತೀನಿ ಕಣಯ್ಯ," ಅಂದರು ರಾಯರು. "ನರಸೀಪುರದ ಕೋರ್ಟಲ್ಲಿ ನನಗೆ ವಾಯಿದೆ ಇದೆ. ನೋಡದೆ ಒಂದು ಸಲ ಐತೆ ಅಂದೆಯೋ, ಅವತ್ತಿಗೆ ನಿನ್ನ ನಮ್ಮ ಋಣ ತೀರಿತು."

ಸ್ಟೇರಿಂಗು ಬಿಟ್ಟರೆ ಸಣ್ಣಯ್ಯನ ಕೈಗೆ ಬೇರೆ ಏನೂ ಒಗ್ಗದು. ಕೆಲಸ ಹೋದರೆ ಹುಲ್ಲಹಳ್ಳಿಯ ಭಾವಮೈದನ ಮನೆ ಎಮ್ಮೆ ಮೇಯಿಸಬೇಕು, ಆ ಭಾವಮೈದನೋ ಎಮ್ಮೆಗಿಂತ ಕಡೆ. "ಇವತ್ತಾದ್ರೂ ಕಣ್ ಬುಟ್ಟು ನೋಡಿ," ಅಂತ ಸೋಮವಾರ ಬೆಳಿಗ್ಗೆ ಹೆಂಡತಿ ಜವರಮ್ಮ ರೊಟ್ಟಿಯ ಜತೆ ಬುದ್ಧಿಯನ್ನೂ ಕಟ್ಟಿಕೊಟ್ಟಳು. ಸಣ್ಣಯ್ಯ ಕಣ್ಣು ಬಿಟ್ಟೇ ಹೊರಟ.

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ರಾಯರು ಮುಂದಿನ ಸೀಟಿನಲ್ಲಿ ಕೋಟು ಹಾಕಿಕೊಂಡು ಕೂತಿದ್ದರು. "ಟಯರು?" ಅಂದ ಮಹದೇವ. ಸಣ್ಣಯ್ಯ ಇಳಿದು ಒಂದೊಂದು ಟಯರಿಗೂ ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು ಕೇಳಿ, ಮತ್ತೆ ಹತ್ತಿ "ಐತೆ" ಅಂದ. "ನೀರು?" ಅಂದಾಗ ರೇಡಿಯೇಟರಿಗೆ ಬೆರಳು ಅದ್ದಿ ನೋಡಿದ. ಬೆರಳು ಸುಟ್ಟಿತು, ಆದರೂ "ಐತೆ" ಅಂದ.

"ಅಣ್ಣೋ, ನರಸೀಪುರದಲ್ಲಿ ಮೂಗೂರ್ ಬಸ್ಸು ತಪ್ಪೋಯ್ತದೆ ಕಣಪ್ಪ, ಸುಮ್ಕೆ ಐತೆ ಅಂದ್ಬುಡು," ಅಂತ ಕಿಟಕಿಯಿಂದ ಗುರುಬಸಮ್ಮ ಗೋಗರೆದಳು. ಅವಳು ಮಗಳ ಮನೆಗೆ ಹೊರಟವಳು.

"ನೋಡ್ದೆ ಎಂಗವ್ವ ಅನ್ಲಿ," ಅಂದ ಸಣ್ಣಯ್ಯ. ಬ್ರೇಕ್ ಪೈಪು ನೋಡಲು ಟವೆಲ್ ಹಾಸಿಕೊಂಡು ಬಸ್ಸಿನ ಅಡಿಗೇ ನುಗ್ಗಿದ.

ಪಕ್ಕದಲ್ಲಿ ಪುಟ್ಟಮಾದಯ್ಯನ ಬಸ್ಸು ಬಂದು ನಿಂತಿತು. ಅದೂ ನರಸೀಪುರಕ್ಕೇ ಹೋಗುವುದು. ಅದಕ್ಕೆ ಪುಟ್ಟಮಾದಯ್ಯನೇ ಮಾಲೀಕ, ಡ್ರೈವರೂ ಅವನೇ. ಮಲಗಿದ್ದ ಸಣ್ಣಯ್ಯನಿಗೆ ಬರೀ ಕಾಲುಗಳು ಕಂಡವು. ಗುರುಬಸಮ್ಮನ ಕಾಲುಂಗುರ ದಾಟಿತು, ಎಷ್ಟೋ ಹವಾಯಿ ಚಪ್ಪಲಿಗಳು ದಾಟಿದವು, ಕೊನೆಗೆ ರಾಯರ ಪಾಲಿಶ್ ಹಾಕಿದ ಬೂಟೂ ಬಂತು. ಸಾಹುಕಾರರು ಇಳಿದು ನನ್ನ ಕೆಲಸ ನೋಡ್ತಾವ್ರೆ ಅಂದುಕೊಂಡು ಸಣ್ಣಯ್ಯ ಪೈಪನ್ನು ಇನ್ನೂ ಚೆನ್ನಾಗಿ ಒರೆಸಿದ.

ಹೊರಬಂದು ತನ್ನ ಬಾಗಿಲಿನಿಂದ ಹತ್ತಿ, ಹಲಗೆಯ ಕಡೆಗೆ "ಎಲ್ಲಾ ಸರಿಯಾಗೈತೆ ಸಾ" ಅಂತ ಕೂಗಿದ. ಅದೇ ಹೊತ್ತಿಗೆ ಸೀಟಿ ಕೇಳಿಸಿತು. ಸಣ್ಣಯ್ಯ ಗೇರು ಹಾಕಿದ.

ದಾರಿಯಲ್ಲಿ ಎಲ್ಲೂ ನಿಲ್ಲಿಸುವ ಸೀಟಿಯೇ ಬರಲಿಲ್ಲ. ಮಾಲೀಕರು ಇರೋದ್ರಿಂದ ಇವತ್ತು ಎಕ್ಸ್‌ಪ್ರೆಸ್ಸು ಅಂದುಕೊಂಡ. ಬಸ್ಸಿಗೆ ಕೈ ಅಡ್ಡ ಹಿಡಿದವರೆಲ್ಲ ಬೈದುಕೊಂಡು ಹಿಂದೆ ಉಳಿದರು. ಅಷ್ಟರಲ್ಲಿ ಪಕ್ಕದ ಕನ್ನಡಿಯಲ್ಲಿ ಪುಟ್ಟಮಾದಯ್ಯನ ಬಸ್ಸು ಕಂಡಿತು. ಹಾರನ್ನೋ ಹಾರನ್ನು. ಕಿಟಕಿಯಿಂದ ಯಾರದೋ ಕೋಟಿನ ಕೈ ಬೇರೆ ಬೀಸುತ್ತಿತ್ತು.

"ಸೈಡ್ ಬೇಕಾ, ಮಗನೆ? ನಮ್ ಸಾಹುಕಾರರು ಕೂತಿರುವಾಗಲಾ?" ಅಂತ ಸಣ್ಣಯ್ಯ ರಸ್ತೆ ನಡುವೆಯೇ ಓಡಿಸಿದ. ಬೇಸಿಗೆಯ ಮಣ್ಣುರಸ್ತೆ, ದೂಳು ಮೋಡದ ಹಾಗೆ ಎದ್ದಿತು. ಆದರೂ ಪ್ರತಿ ತಿರುವಿನಲ್ಲೂ ಕೈ ತೋರಿಸಿದ, ಪ್ರತಿ ಹಳ್ಳದಲ್ಲೂ ನಿಧಾನಿಸಿದ. ಇಷ್ಟು ಚೆನ್ನಾಗಿ ಅವನು ಜನ್ಮದಲ್ಲಿ ಬಸ್ಸು ಓಡಿಸಿರಲಿಲ್ಲ.

ನರಸೀಪುರದಲ್ಲಿ ಇಳಿದು, ರಾಯರಿಗೆ ನಮಸ್ಕಾರ ಮಾಡೋಣವೆಂದು ಹಿಂದಿನ ಬಾಗಿಲಿಗೆ ಬಂದ. ಬಸ್ಸಿನಲ್ಲಿ ನರಪಿಳ್ಳೆಯಿರಲಿಲ್ಲ. ಸೀಟಿ ಊದಬೇಕಾದ ಮಹದೇವನೂ ಇಲ್ಲ. ಆ ಕಾಲುಗಳೆಲ್ಲ ಎಲ್ಲಿಗೆ ನಡೆದಿದ್ದವು, ಆ ಸೀಟಿ ಯಾವ ಬಸ್ಸಿನದು, ಎಲ್ಲ ಸಣ್ಣಯ್ಯನಿಗೆ ಈಗ ತಿಳಿಯಿತು. ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೇಬಿಟ್ಟ.

ಪುಟ್ಟಮಾದಯ್ಯನ ಬಸ್ಸು ಬಂತು. ಜನರನ್ನು ವಾಪಸು ಕರೆಯಲು ಹೋಗಿ ಅದರಲ್ಲೇ ಸಿಕ್ಕಿಕೊಂಡಿದ್ದ ಮಹದೇವ ಇಳಿದು, ಮುಖ ತೋರಿಸದೆ ಹೋಟೆಲಿಗೆ ನುಸುಳಿದ. ರಾಯರು ಕೋಟು ಕೊಡವುತ್ತಾ ಹತ್ತಿರ ಬಂದರು.

"ತಪ್ಪಾಯ್ತು ಸಾ. ಎಲ್ಲಾ ನೋಡ್ದೆ, ಜನ ಅವ್ರಾ ಅಂತ ಒಂದು ನೋಡ್ಲಿಲ್ಲ."

"ಅಳಬೇಡ ಕಣಯ್ಯ. ಜನರನ್ನೂ ನೋಡು ಅಂತ ನಾನೂ ಹೇಳಿರಲಿಲ್ಲ. ದಾರಿಯುದ್ದಕ್ಕೂ ಹಿಂದಿನಿಂದ ನಿನ್ನ ಡ್ರೈವಿಂಗ್ ನೋಡ್ಕೊಂಡೇ ಬಂದೆ, ಒಂದು ತಪ್ಪಿಲ್ಲ. ನಿನ್ನ ಕೆಲಸಕ್ಕೆ ಏನೂ ಮೋಸವಿಲ್ಲ."

ಸಣ್ಣಯ್ಯನಿಗೆ ಹೋದ ಜೀವ ಬಂದಂತಾಯಿತು.

"ಬಸ್ಸನ್ನ ಮಾತ್ರ ಮಾರಿಬಿಟ್ಟೆ," ಅಂದರು ರಾಯರು. "ಖಾಲಿ ಬಸ್ಸಿನ ಬೆನ್ನು ನೋಡಿ ನೋಡಿ ನನಗೂ ಸಾಕಾಗಿಹೋಯ್ತು. ಪಕ್ಕದಲ್ಲೇ ಗಿರಾಕಿ ಕೂತಿದ್ದ, ವ್ಯಾಪಾರ ಕುದುರಿತು. ಡ್ರೈವರನ್ನೂ ಸೇರಿಸಿಯೇ ಕೊಟ್ಟಿದ್ದೀನಿ."

"ಯಾರ್ಗೆ ಸಾ?"

ಪುಟ್ಟಮಾದಯ್ಯ ಆಗಷ್ಟೇ ಡ್ರೈವರ್ ಸೀಟಿನಿಂದ ಇಳಿಯುತ್ತಿದ್ದ. ತಲೆಯಿಂದ ಕಾಲಿನವರೆಗೆ ಕೆಂಪು ದೂಳು, ಕಣ್ಣೆರಡು ಮಾತ್ರ ಕಾಣುತ್ತಿದ್ದವು. ಬಾಯಲ್ಲಿದ್ದ ಮಣ್ಣು ಉಗಿದು, ಸಣ್ಣಯ್ಯನ ಮುಂದೆ ಮೆಲ್ಲಗೆ ಕೈ ಚಾಚಿದ.

"ಕೀ ಕೊಡಪ್ಪ. ವಾಪಸ್ ಓಗೋವಾಗ ನಾನು ಮುಂದೆ ಓಡಿಸ್ತೀನಿ, ನೀನು ಇಂದೆ ನಡ್ಕಂಡು ಬಾ."