ಎರಡು ಬೆರಳು ಸಡಿಲ

ಕರ್ರಕ್ ಕರ್ರಕ್ ಟಕ್. ಕರ್ರಕ್ ಕರ್ರಕ್ ಟಕ್.

ನಾಳೆಯಪ್ಪನ ಬೈಕಿನ ಚೈನು ಹೀಗೆ ಹಾಡಲು ತೊಡಗಿ ಮೂರು ವರ್ಷವಾಗಿತ್ತು. ಹಳೇ ಬಾವಿಯ ರಾಟೆಗೂ ಹಲ್ಲು ಕಡಿಯುವ ಮುದುಕನಿಗೂ ಜಗಳ ಹತ್ತಿದಂಥ ಸದ್ದು ಅದು. ಬೀದಿನಾಯಿಗಳು ಕೂಡ ಮೊದಮೊದಲು ಬೊಗಳಿ, ಆಮೇಲೆ ಇದರೊಂದಿಗೆ ಪೈಪೋಟಿ ಸಾಧ್ಯವಿಲ್ಲವೆಂದು ಸುಮ್ಮನಾಗಿದ್ದವು. ಸದ್ದು ಕೇಳಿಸದೆ ಇದ್ದವನು ಒಬ್ಬನೇ, ಅದರ ಮೇಲೆ ಕೂತವನು.

ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. "ನಾಳೆ ಮಾಡಿದ್ರಾಯ್ತು" ಎಂಬ ಮಾತನ್ನು ಉಸಿರಾಡಿದಷ್ಟು ಸಲೀಸಾಗಿ ಆಡುತ್ತಿದ್ದುದರಿಂದ ವಠಾರದವರು ನಾಳೆಯಪ್ಪ ಎಂದು ಕರೆಯುತ್ತಿದ್ದರು. ಹಾಗೆ ಕರೆಯಬೇಡಿ ಎಂದು ಹೇಳಬೇಕೆಂದುಕೊಂಡಿದ್ದ, ನಾಳೆ. ಕೆಲಸ ಗ್ರಂಥಾಲಯದಲ್ಲಿ, 'ನಿಶ್ಶಬ್ದ' ಎಂದು ಬರೆದ ಹಲಗೆಯ ಕೆಳಗೆ. ಜನ ತಂದ ಪುಸ್ತಕಗಳಿಗೆ ಹೊಸ ತಾರೀಖಿನ ಮುದ್ರೆ ಒತ್ತಿ ಇನ್ನೆರಡು ವಾರ ಮುಂದೂಡುವುದು ಅವನ ಉದ್ಯೋಗ. ಸೋರುವ ನಲ್ಲಿ, ಮುಚ್ಚದ ಕಿಟಕಿ, ಚೈನು, ಎಲ್ಲಕ್ಕೂ ಮನೆಯಲ್ಲೂ ಅದೇ ಮುದ್ರೆ ಒತ್ತುತ್ತಿದ್ದ.

ಹೆಂಡತಿ ನರ್ಸು. ನಾಲ್ಕು ದಿನದ ಹಿಂದೆ ಅವಳು ತವರಿಗೆ ಹೊರಟು ನಿಂತಾಗ ಮೇಜಿನ ಮೇಲೆ ಒಂದು ಚೀಟಿ ಇಟ್ಟಿದ್ದಳು.

'ದೂರದ ಊರಿನ ಆಸ್ಪತ್ರೆಯಿಂದ ಕಾಗದ ಬಂದಿದೆ. ಎರಡು ವರ್ಷದ ಕೆಲಸ. ಭಾನುವಾರ ಸಂಜೆ ಐದು ಗಂಟೆ ಬಸ್ಸು. ಅದಕ್ಕೆ ಮೊದಲು ಬಂದು ಕರೆದರೆ ಕಾಗದ ಹರಿದು ಹಾಕ್ತೀನಿ. ಫೋನ್ ಮಾಡಬೇಡಿ, ತೆಗೆಯಲ್ಲ. ಫೋನಿನಲ್ಲೂ ನಾಳೆ ಬರ್ತೀನಿ ಅಂತೀರಿ.'

ನಾಲ್ಕು ದಿನ ಅವನು ತಾನೇ ಬೀಗ ತೆಗೆದು ಒಳಗೆ ಹೋದ. ಅದು ಹೊಸ ಅನುಭವ. ಇಷ್ಟು ವರ್ಷ ಅವನು ಕೊನೇ ಮೆಟ್ಟಿಲು ಹತ್ತುವಷ್ಟರಲ್ಲಿ ಬಾಗಿಲು ತೆರೆದಿರುತ್ತಿತ್ತು, ಅವಳ ಕೈಯಲ್ಲಿ ಬಿಸಿ ಲೋಟವಿರುತ್ತಿತ್ತು. "ನಾನು ಬಂದೆ ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?" ಎಂದು ಒಮ್ಮೆ ಕೇಳಿದ್ದ. "ಗೊತ್ತಾಗುತ್ತೆ" ಎಂದು ನಕ್ಕಿದ್ದಳು. ಅದು ಪ್ರೀತಿಯ ಮಹಿಮೆ ಎಂದು ಅವನು ನಂಬಿದ್ದ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬೈಕಿನ ಕೀಲಿ ತಿರುಗಿಸುವಾಗ ಅವನಿಗೊಂದು ಉಪಾಯ ಹೊಳೆಯಿತು. ಬೈಕು ಮಾವನ ಉಡುಗೊರೆ. ಮಾವ ಗಿರಣಿಯ ನಿವೃತ್ತ ಫಿಟ್ಟರು. ಅಳಿಯ ಬಂದಾಗಲೆಲ್ಲ ಕ್ಷೇಮಸಮಾಚಾರಕ್ಕೆ ಮೊದಲು, "ಅಳಿಯಂದ್ರೆ, ಚೈನ್ ಬಿಗಿ ಮಾಡಿಸಿದ್ರಾ?" ಎನ್ನುತ್ತಿದ್ದರು. ಇವತ್ತು ಸದ್ದಿಲ್ಲದೆ ಹೋಗಿ ನಿಂತರೆ? ನಾಳೆಯಪ್ಪ ಇವತ್ತಪ್ಪನಾದ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಹತ್ತು ನಿಮಿಷದ ಕೆಲಸ. ದಾರಿ ಮುಕ್ಕಾಲು ಗಂಟೆಯದು. ಬೇಕಾದಷ್ಟು ಹೊತ್ತಿದೆ.

ಸ್ಪ್ಯಾನರ್ ಕೈಗೆತ್ತಿಕೊಂಡ.

ಚೈನು ಬಿಗಿಯಾಗಬೇಕಾದರೆ ಹಿಂದಿನ ಚಕ್ರ ತುಸು ಹಿಂದೆ ಸರಿಯಬೇಕು. ಚಕ್ರ ಸರಿಯಬೇಕಾದರೆ ಅಚ್ಚಿನ ನಟ್ಟು ಸಡಿಲವಾಗಬೇಕು. ನಟ್ಟು ಸಡಿಲವಾಯಿತು. ಚಕ್ರ ಸರಿಯಲಿಲ್ಲ. ಹಿಡಿದು ಎಳೆದ, ಕಾಲು ಕೊಟ್ಟು ಎಳೆದ, ಬೇಡಿಕೊಂಡು ಎಳೆದ. ಮೂರು ವರ್ಷದ ತುಕ್ಕಿನಲ್ಲಿ ಅಚ್ಚಿಗೂ ಚಕ್ರದ ನಡುವಿನ ಹಬ್ಬಿಗೂ ಅಚ್ಚುಮೆಚ್ಚಾಗಿಬಿಟ್ಟಿತ್ತು, ಒಂದನ್ನೊಂದು ಬಿಟ್ಟಿರಲಾರವು. ಎಳೆದಾಡಿದ ರಭಸಕ್ಕೆ ಒಳಗೆ ಏನೋ ಕಚ್ಚಿಕೊಂಡು, ಅಷ್ಟು ಹೊತ್ತು ತಿರುಗುತ್ತಿದ್ದ ಚಕ್ರವೂ ತಿರುಗುವುದನ್ನು ನಿಲ್ಲಿಸಿತು.

"ಏನಪ್ಪಾ, ಪೆರೇಡ್ ನಿಂತೇಹೋಯ್ತಲ್ಲ?"

ಕೆಳಮನೆಯ ಡ್ರಿಲ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ.

"ಏನಿಲ್ಲ ಮೇಷ್ಟ್ರೇ, ಚೈನು. ಆಗ್ದಿದ್ರೆ ಆಟೋದಲ್ಲಿ ಹೋಗ್ಬಿಡ್ತೀನಿ."

"ಆಟೋದಲ್ಲಿ ಹೋದ್ರೆ ಏನು ಸಾಬೀತಾಯ್ತು? ಚೀಟಿ ವಿಷಯ ನಮಗೆಲ್ಲ ಗೊತ್ತು. ಗಂಡಸು ಅಂದ್ಮೇಲೆ ಒಂದು ಕೆಲಸ ಮುಗಿಸಿ ಹೋಗ್ಬೇಕು." ಮೇಷ್ಟ್ರು ಸೀಟಿ ಊದಿದರು. ಎದುರುಮನೆಯ ಬಾಗಿಲು ತೆರೆಯಿತು.

ಹೊರಗೆ ಬಂದವರು ಹಲ್ಲಿನ ಡಾಕ್ಟರು. ಭಾನುವಾರ ಯಾರ ಹಲ್ಲೂ ಸಿಗದೆ ಕೈ ತುರಿಸುತ್ತಿದ್ದ ಮನುಷ್ಯ. ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ನಾಳೆಯಪ್ಪನ ಫೋನಿನ ಬೆಳಕನ್ನು ಒಳಗೆ ಬಿಟ್ಟು, "ಹ್ಞೂಂ... ಎಷ್ಟು ದಿನದಿಂದ ನೋವು?" ಎಂದರು.

"ಯಾರಿಗೆ ಡಾಕ್ಟ್ರೇ?"

"ಅಭ್ಯಾಸ. ನೋಡ್ರೀ, ಬೇರು ಹಿಡ್ಕೊಂಡಿದೆ. ನೇರ ಎಳೀಬಾರ್ದು. ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಅಲ್ಲಾಡಿಸ್ಬೇಕು. ರೋಗಿ ಜೊತೆ ಮಾತಾಡ್ತಾ ಇರ್ಬೇಕು."

"ಮಾತೆಲ್ಲ ಬೇಡ, ಹೊಡೀಬೇಕು" ಎಂದರು ಮೇಷ್ಟ್ರು.

ಇಬ್ಬರೂ ಅವರವರ ಮತದಂತೆ ನಡೆದರು. ಡಾಕ್ಟರು ಎಡಗಡೆಯಿಂದ ಅಲ್ಲಾಡಿಸುತ್ತ, "ಆಯ್ತು, ಆಯ್ತು, ಇನ್ನೇನು ಮುಗೀತು" ಎಂದು ಹಬ್ಬಿಗೆ ಸಮಾಧಾನ ಹೇಳಿದರು. ಮೇಷ್ಟ್ರು ಬಲಗಡೆಯಿಂದ, "ಒಂದ್, ಎರಡ್, ಹೊಡಿ" ಎಂದು ಸುತ್ತಿಗೆ ಬೀಸಿದರು. ನಾಳೆಯಪ್ಪ ನಡುವೆ ಬೈಕನ್ನು ತಬ್ಬಿ ಹಿಡಿದು, ಎರಡೂ ಕಡೆಯ ಪೆಟ್ಟನ್ನು ಎದೆಯಲ್ಲಿ ತಡೆದುಕೊಂಡ. ಹಬ್ಬು ಅವನದು, ಹಬ್ಬ ಅವರದು.

ಒಂದೂವರೆ.

"ಅಯ್ಯೋ ನಿಲ್ಲಿಸ್ರಪ್ಪಾ, ನನ್ನ ಮಿಷನ್ನಿನ ಸೂಜಿ ಮೂರು ಸಲ ಮುರೀತು" ಎನ್ನುತ್ತ ಮೇಲ್ಮನೆಯ ದರ್ಜಿ ಅಕ್ಕ ಮೆಟ್ಟಿಲಿಳಿದು ಬಂದಳು. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ. "ತಮ್ಮಾ, ನಟ್ಟು ಪೂರ್ತಿ ತೆಗೆದು ಅಚ್ಚಿನ ತಲೆಗೇ ಹೊಡೆದ್ರೆ ತಿರುಪಿನ ಮರೆ ಹಾಳಾಗಲ್ವಾ? ನಟ್ಟನ್ನ ಅಂಚಿಗೆ ಕೂರಿಸಿ, ಮೇಲೆ ಮರದ ತುಂಡಿಟ್ಟು ಹೊಡೀರಿ. ಮೊದ್ಲು ಬಿಸಿನೀರು, ಆಮೇಲೆ ಎಣ್ಣೆ, ಆಮೇಲೆ ಅರ್ಧ ಗಂಟೆ ಯಾರೂ ಮುಟ್ಬಾರ್ದು."

ಅವಳೊಬ್ಬಳ ಮಾತಿನಲ್ಲಿ ಅರ್ಥವಿತ್ತು. ಆದ್ದರಿಂದ ಅದನ್ನು ಒಪ್ಪಲು ಗಂಡಸರಿಬ್ಬರಿಗೂ ಮುಕ್ಕಾಲು ಗಂಟೆ ಹಿಡಿಯಿತು.

ಬಿಸಿನೀರು ಹೊಯ್ದರು. ಎಣ್ಣೆ ಬಿಟ್ಟರು. ಮೂವರೂ ಮೆಟ್ಟಿಲ ಮೇಲೆ ಸಾಲಾಗಿ ಕೂತು ಕಾದರು, ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ. ನಾಳೆಯಪ್ಪ ಅಂಗಳದಲ್ಲಿ ಹಿಂದೆ ಮುಂದೆ ಓಡಾಡಿದ. ಅವಳು ಈಗ ಪೆಟ್ಟಿಗೆ ಕಟ್ಟುತ್ತಿರಬಹುದು. ಎರಡು ವರ್ಷ. ಎರಡು ವರ್ಷ ಎಂದರೆ ಎಷ್ಟು ಸಂಜೆ, ಎಷ್ಟು ಬೀಗ ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ಬಿಟ್ಟ. ಧೈರ್ಯ ಸಾಲಲಿಲ್ಲ.

"ಒಂದ್, ಎರಡ್..."

ಪಳ್.

ಅಚ್ಚು ಹೊರಬಿತ್ತು. ಅದರ ಹಿಂದೆಯೇ ಚಕ್ರ, ಬ್ರೇಕಿನ ತಟ್ಟೆ, ಒಂದು ಮುಷ್ಟಿ ಕೆಂಪು ತುಕ್ಕು. ಡಾಕ್ಟರು ಅಚ್ಚನ್ನು ಬೆಳಕಿಗೆ ಹಿಡಿದು ಬೇರು ಪೂರ್ತಿ ಬಂದಿದೆಯೇ ಎಂದು ನೋಡಿದರು. ಮರಳುಕಾಗದದಿಂದ ಎಲ್ಲವನ್ನೂ ಉಜ್ಜಿದರು. ಅಕ್ಕ ಒಂದೊಂದೇ ತುಣುಕನ್ನು ಬಟ್ಟೆಯಲ್ಲಿ ಒರೆಸಿ ಕಾಗದದ ಮೇಲೆ ಜೋಡಿಸಿದಳು. ಬೆರಳುಗುರಿನಷ್ಟು ಅಗಲದ ಒಂದು ಉಕ್ಕಿನ ಬಳೆ ಉರುಳಿ ಚರಂಡಿಯತ್ತ ಹೊರಟಾಗ ಥಟ್ಟನೆ ಹಿಡಿದು, "ಕಳ್ದುಹೋದೀತು ತಮ್ಮಾ" ಎಂದು ನಾಳೆಯಪ್ಪನ ಅಂಗಿಯ ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನೂ ಹಾಕಿದಳು. ಗುಂಡಿಯ ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟು.

ಮೂರೂವರೆ. ಚಕ್ರ ಒಳಗೆ ಹೋಯಿತು, ಅಚ್ಚು ನುಣ್ಣಗೆ ಜಾರಿತು. ಈಗ ಚೈನು.

"ಎರಡು ಬೆರಳು ಸಡಿಲ ಇರ್ಬೇಕು" ಎಂದ ನಾಳೆಯಪ್ಪ. ಮಾವ ಹೇಳಿಕೊಟ್ಟಿದ್ದು ಅದೊಂದೇ ನೆನಪಿತ್ತು.

"ಯಾರ ಬೆರಳು?" ಎಂದು ಮೇಷ್ಟ್ರು ಕೇಳಿದರು. ಅವರ ಎರಡು ಬೆರಳು ಡಾಕ್ಟರ ಮೂರಕ್ಕೆ ಸಮ. ಕೊನೆಗೆ ಅಕ್ಕನೇ ಟೇಪು ಹಿಡಿದು ಅಳೆದಳು, ಎಡಗಡೆಯ ಗೆರೆಗೂ ಬಲಗಡೆಯ ಗೆರೆಗೂ ಕೂದಲೆಳೆ ವ್ಯತ್ಯಾಸ ಬಾರದ ಹಾಗೆ, ಮದುವೆ ಕೋಟಿನ ತೋಳು ಅಳೆದಂತೆ. ಮೇಷ್ಟ್ರು ನಟ್ಟು ಬಿಗಿದರು. ಸಾಕೆಂದ ಮೇಲೂ ಬಿಗಿದರು. ಚಕ್ರವನ್ನು ಕೈಯಿಂದ ತಿರುಗಿಸಿದರೆ ಸ್ವಲ್ಪ ಗಟ್ಟಿ ಅನ್ನಿಸಿತು.

"ಹೊಸ ಬಿಗಿ. ಓಡಿದ್ರೆ ಸರಿಹೋಗುತ್ತೆ" ಎಂದರು ಮೇಷ್ಟ್ರು. "ಹೊಸ ಹಲ್ಲೂ ಹಾಗೇನೆ" ಎಂದರು ಡಾಕ್ಟರು.

ಐದಕ್ಕೆ ಇನ್ನು ಒಂದು ಗಂಟೆ ಐದು ನಿಮಿಷವಿತ್ತು. ನಾಳೆಯಪ್ಪ ಕಿಕ್ಕು ಹೊಡೆದ. ಬೈಕು ಹೊರಟಿತು.

ಸದ್ದೇ ಇರಲಿಲ್ಲ. ಅಂದರೆ ಇಂಜಿನ್ನಿನ ಸದ್ದಿತ್ತು, ಆದರೆ ಅದು ಊರಿನ ಎಲ್ಲ ಬೈಕುಗಳಿಗೂ ಇರುವ ಸದ್ದು. ಕರ್ರಕ್ಕಿಲ್ಲ, ಟಕ್ಕಿಲ್ಲ. ನಾಳೆಯಪ್ಪನಿಗೆ ತನ್ನ ಗ್ರಂಥಾಲಯವೇ ಎರಡು ಚಕ್ರದ ಮೇಲೆ ಹೊರಟಂತೆ ಅನ್ನಿಸಿತು. ಬೀದಿನಾಯಿಯೊಂದು ರಸ್ತೆಯ ನಡುವಿನಿಂದ ಏಳಲೇ ಇಲ್ಲ; ಯಾರೋ ಬೇರೆಯವರೆಂದು ತಿಳಿದಿರಬೇಕು. ಸೇತುವೆ ದಾಟುವಾಗ ಕೆಳಗೆ ಬಟ್ಟೆ ಒಗೆಯುವ ಸದ್ದು ಕೂಡ ಕೇಳಿಸಿತು. ಸೇತುವೆಯಿಂದ ಮಾವನ ಮನೆಗೆ ನೇರ ರಸ್ತೆ, ಐದು ನಿಮಿಷ. ಬೈಕು ಸ್ವಲ್ಪ ಎಳೆದಂತೆ, ಬೆನ್ನ ಹಿಂದೆ ಯಾರೋ ದಪ್ಪನೆಯವರು ಕೂತಂತೆ ಆಗುತ್ತಿತ್ತು. ಸಂತೋಷಕ್ಕೂ ಭಾರವಿರುತ್ತದೆ ಎಂದುಕೊಂಡ.

ಮನೆಯ ಮುಂದೆ ನಿಂತಾಗ ನಾಲ್ಕು ಮುಕ್ಕಾಲಕ್ಕೆ ಐದು ನಿಮಿಷ. ಜೀವಮಾನದಲ್ಲೇ ಮೊದಲ ಸಲ ಹೊತ್ತಿಗೆ ಮುಂಚೆ ಬಂದಿದ್ದ. ಕನ್ನಡಿಯಲ್ಲಿ ನೋಡಿದರೆ ಮುಖದ ತುಂಬ ಗ್ರೀಸು. ಈ ಮುಖ ನೋಡಿ ಕಾಗದ ಹರಿಯುವಳೇ? ಕಾಂಪೌಂಡಿನ ಹೊರಗಿನ ನಲ್ಲಿಯಲ್ಲಿ ಮುಖ ತೊಳೆದ, ತಲೆ ಬಾಚಿದ, ಗೋಡೆಯ ಮರೆಯಲ್ಲಿ ನಿಂತು ಮಾತು ಅಭ್ಯಾಸ ಮಾಡಿದ. "ಬಂದಿದ್ದೀನಿ, ಬಾ" ಸಾಕೋ, "ಬಾ, ಬಂದಿದ್ದೀನಿ" ಆಗಬೇಕೋ ಎಂಬುದರಲ್ಲಿ ಎಂಟು ನಿಮಿಷ ಹೋಯಿತು.

ಬೈಕನ್ನು ಕಷ್ಟಪಟ್ಟು ಕಾಂಪೌಂಡಿನೊಳಗೆ ತಳ್ಳಿ ನಿಲ್ಲಿಸಿ, ಗಂಟೆ ಒತ್ತಿದ. ಬಾಗಿಲು ಕೂಡಲೇ ತೆರೆಯಲಿಲ್ಲ. ಮತ್ತೊಮ್ಮೆ ಒತ್ತಿದ.

ತೆರೆದವರು ಮಾವ. ಅಳಿಯನನ್ನು ನೋಡಿದರು, ಅವನ ಹಿಂದಿದ್ದ ಬೈಕನ್ನು ನೋಡಿದರು, ಮತ್ತೆ ಅಳಿಯನನ್ನು ನೋಡಿದರು.

"ನೀವು ಹೇಗೆ ಬಂದ್ರಿ?"

"ಬೈಕಿನಲ್ಲೇ, ಮಾವಾ."

"ಯಾವಾಗ?"

"ಹತ್ತು ನಿಮಿಷ ಆಯ್ತು. ಮುಖ ತೊಳೀತಿದ್ದೆ. ಅವಳು..."

ಮಾವ ಬಾಗಿಲ ಚೌಕಟ್ಟಿಗೆ ಒರಗಿದರು. "ಹಿತ್ತಲ ದಾರಿಯಲ್ಲಿ ಬಸ್ ಸ್ಟ್ಯಾಂಡಿಗೆ ಹೋದ್ಲು. ಈಗಷ್ಟೇ. ಮಧ್ಯಾಹ್ನದಿಂದ ಪೆಟ್ಟಿಗೆ ಮೇಲೆ ಕೂತ್ಕೊಂಡು ಕಿವಿ ಕೊಟ್ಟಿದ್ಲು. ಹೊರಗೆ ಹೋಗಿ ನೋಡ್ಬಾರ್ದಾ ಅಂದೆ. 'ನೋಡೋದೇನಪ್ಪಾ, ಸೇತುವೆ ಹತ್ರ ಬಂದ್ರೆ ಸಾಕು, ಆ ಚೈನು ನನಗೆ ಇಲ್ಲಿಗೆ ಕೇಳುತ್ತೆ. ಮೂರು ವರ್ಷದಿಂದ ಅದನ್ನ ಕೇಳೇ ಅಲ್ವಾ ಬಾಗಿಲು ತೆಗೀತಿದ್ದಿದ್ದು' ಅಂದ್ಲು. ನಾಲ್ಕು ಮುಕ್ಕಾಲಾದ್ರೂ ಸೇತುವೆ ಕಡೆಯಿಂದ ಸದ್ದಿಲ್ಲ. 'ಅವರು ಬರಲ್ಲ' ಅಂತ ಎದ್ಲು."

ನಾಳೆಯಪ್ಪ ಮೆಟ್ಟಿಲು ಹಾರಿ ಬೈಕಿಗೆ ಓಡಿದ. ಕಿಕ್ಕು ಹೊಡೆದ, ಗೇರು ಹಾಕಿದ, ಕ್ಲಚ್ಚು ಬಿಟ್ಟ. ಬೈಕು ಒಮ್ಮೆ ತಲೆಬಾಗಿ ನಿಂತಲ್ಲೇ ಆರಿತು. ತಳ್ಳಿದ. ಹಿಂದಿನ ಚಕ್ರ ನೆಲಕ್ಕೆ ಬೇರು ಬಿಟ್ಟಿತ್ತು. ಮತ್ತೆ ಕಿಕ್ಕು, ಮತ್ತೆ ತಳ್ಳು, ಹೀಗೆ ಉಳಿದಿದ್ದ ನಿಮಿಷಗಳೂ ಹೋದವು.

ಮಾವ ಚಪ್ಪಲಿ ಮೆಟ್ಟಿಕೊಂಡು ಬಂದು ಕಾಂಪೌಂಡಿನ ಮರೆಯಲ್ಲಿ ಬಗ್ಗಿದರು. ಹಬ್ಬನ್ನು ಮುಟ್ಟಿ ಕೈ ಕಿತ್ತುಕೊಂಡರು. "ಕೆಂಡ ಆಗಿದೆ. ಇಲ್ಲಿ ಬಗ್ಗಿ ನೋಡಿ. ಎಡಗಡೆ ಬುಷ್ ಎಲ್ಲಿ? ಒಂದು ಉಕ್ಕಿನ ಬಳೆ ಇರ್ಬೇಕಿತ್ತಲ್ಲ. ಅದಿಲ್ದೆ ನಟ್ಟು ಬಿಗಿದ್ರೆ ಹಬ್ ಹಿಡ್ಕೊಳ್ದೆ ಇನ್ನೇನು ಮಾಡುತ್ತೆ?"

ನಾಳೆಯಪ್ಪ ಬಗ್ಗಿದ. ಎದೆಗೆ ಏನೋ ಒತ್ತಿತು. ಜೇಬಿನ ಗುಂಡಿ ಬಿಚ್ಚಿ ಕೈ ಹಾಕಿದ. ಒರೆಸಿ ಫಳಫಳ ಹೊಳೆಯುತ್ತಿದ್ದ ಬಳೆ ಬೆರಳಿಗೆ ಸಿಕ್ಕಿತು.

ಗೋಡೆಯಾಚೆ ಬಸ್ಸು ಗುಡುಗಿತು. ಅವನು ಬಳೆ ಹಿಡಿದ ಕೈ ಮೇಲೆತ್ತಿ ಎದ್ದು ನಿಲ್ಲುವಷ್ಟರಲ್ಲಿ ಅದು ಮನೆ ದಾಟಿತ್ತು. ಕೊನೆಯ ಕಿಟಕಿಯಿಂದ ಒಂದು ತಲೆ ಹೊರಗೆ ಬಾಗಿತ್ತು. ಪರಿಚಿತ ಜಡೆ. ಅದು ಹಿಂದಕ್ಕೆ ನೋಡುತ್ತಿರಲಿಲ್ಲ. ಸೇತುವೆಯತ್ತ ನೋಡುತ್ತಿತ್ತು, ಕಿವಿಯ ಮೇಲಿನ ಕೂದಲನ್ನು ಬೆರಳಿಂದ ಸರಿಸಿಕೊಂಡು. ನಾಳೆಯಪ್ಪ ಕೂಗಿದ. ಬಸ್ಸಿನ ಹಾರ್ನು ಅವನಿಗಿಂತ ಜೋರಾಗಿ ಕೂಗಿತು.

ಬಸ್ಸು ಸೇತುವೆ ಹತ್ತಿ, ಇಳಿದು, ಕಾಣದಾಯಿತು.

ಮಾವ ಇನ್ನೂ ಬಗ್ಗಿಯೇ ಇದ್ದರು. ಎರಡು ಬೆರಳಿಟ್ಟು ಚೈನನ್ನು ಮೇಲೆ ಕೆಳಗೆ ಆಡಿಸಿ ನೋಡಿದರು. ಮುಖದಲ್ಲಿ ಮೂರು ವರ್ಷದಿಂದ ಕಾಣದ ತೃಪ್ತಿ ಮೂಡಿತು.

"ಚೈನ್ ಮಾತ್ರ ಕರೆಕ್ಟಾಗಿದೆ, ಅಳಿಯಂದ್ರೆ. ನಾನೇ ಮಾಡಿದ್ರೂ ಇಷ್ಟು ಚೆನ್ನಾಗಿ ಆಗ್ತಿರ್ಲಿಲ್ಲ." ಅವರು ಮೊಣಕಾಲು ಹಿಡಿದುಕೊಂಡು ಎದ್ದು, ಅಳಿಯನ ಹೆಗಲ ಮೇಲೆ ಕೈ ಹಾಕಿದರು. "ಬನ್ನಿ ಒಳಗೆ. ಹಬ್ ತಣ್ಣಗಾಗ್ಲಿ, ನಾಳೆ ನೋಡೋಣ."