ಪಟ್ಟಾಭಿರಾಮರ ಸುಯ್ಯೆನ್ನುವ ಬಾಗಿಲು

ಹೆಬ್ಬೂರು ಶ್ರೀನಿವಾಸಯ್ಯ ಪಟ್ಟಾಭಿರಾಮ, ವಯಸ್ಸು ಐವತ್ತಾರು. ಪತ್ನಿ ಕೌಸಲ್ಯ, ಮಗಳು ಶ್ರೀವಾಣಿ, ಮತ್ತು ಪಡಿತರ ಚೀಟಿಯಲ್ಲಿ ಹೆಸರಿಲ್ಲದಿದ್ದರೂ ಮನೆಯಲ್ಲೇ ಬೀಡುಬಿಟ್ಟಿದ್ದ ಒಂದು ಅಂತರಿಕ್ಷ ನೌಕೆಯ ಸಿಬ್ಬಂದಿ. ಆ ನೌಕೆಯ ವಿದೇಶಿ ಧಾರಾವಾಹಿಯನ್ನು ಅವರು ಕಾಲೇಜಿನ ದಿನಗಳಿಂದ ನೋಡುತ್ತ ಬಂದಿದ್ದರು. ನಾಯಕರು ಬದಲಾದರು, ನೌಕೆಗಳು ಸುಟ್ಟುಹೋದವು. ಪಟ್ಟಾಭಿರಾಮರು ಮಾತ್ರ ಸೋಫಾ ಬಿಡಲಿಲ್ಲ. ಹೊಸ ಕಂತಿನಲ್ಲಿ ಹಳೆಯ ಕಥೆಯ ಒಂದು ಲೋಟ ಕಂಡರೂ ರಿಮೋಟ್ ಒತ್ತಿ ನಿಲ್ಲಿಸಿ, ಅದು ಯಾವ ಕಥೆಯ ಲೋಟವೆಂದು ಮನೆಮಂದಿಗೆ ವಿವರಿಸುವರು. ಹಳತನ್ನು ಗುರುತಿಸದೆ ಹೊಸತನ್ನು ನೋಡುವವನು ಪ್ರೇಕ್ಷಕನಲ್ಲ, ದಾರಿಹೋಕ ಎಂಬುದು ಅವರ ಸಿದ್ಧಾಂತ.

ಈ ವರ್ಷದ ಕಂತೊಂದರಲ್ಲಿ ಮೊಟ್ಟಮೊದಲ ನೌಕೆಯ ಬಾಗಿಲು ಮರಳಿ ಬಂತು. ನಾಯಕ ಎದುರು ನಿಂತೊಡನೆ ಅದು ಸುಯ್ಯೆಂದು ಎರಡು ಹೋಳಾಗಿ ಸರಿಯಿತು. ಪಟ್ಟಾಭಿರಾಮರು ಕಣ್ಣೊರೆಸಿಕೊಂಡು, ಕ್ಯಾತ್ಸಂದ್ರದಲ್ಲಿ ಕಟ್ಟಿ ಮುಗಿಯುತ್ತಿದ್ದ ತಮ್ಮ ಹೊಸ ಮನೆಗೂ ಅಂಥದೇ ಬಾಗಿಲೆಂದು ಘೋಷಿಸಿದರು. ಗುಬ್ಬಿಯ ತವರಿನಿಂದ ತೇಗದ ಬಾಗಿಲು ತರಿಸುವ ಆಸೆಯಿದ್ದ ಕೌಸಲ್ಯ ಬಹಳ ವಾದಿಸಲಿಲ್ಲ. ಗೃಹಪ್ರವೇಶದ ದಿನ ನೆಂಟರೆದುರು ಅದು ಒಮ್ಮೆ ಕೈಕೊಟ್ಟರೂ ಸಾಕು, ತೇಗದ್ದೇ ಬರಬೇಕು ಎಂದರು. ಪಟ್ಟಾಭಿರಾಮರು ನಕ್ಕು ಒಪ್ಪಿದರು.

ಮುಹೂರ್ತ ಬಂತು. ಶಾಸ್ತ್ರಕ್ಕೆ ಲೋಪವಾಗಬಾರದೆಂದು ಅವರೇ ಏಣಿ ಹತ್ತಿ, ಬಂದವರನ್ನು ಗುರುತಿಸುವ ಸೆನ್ಸರಿನ ಮುಂದೆಯೇ ಮಾವಿನ ತೋರಣ ಕಟ್ಟಿದ್ದರು. ಗಾಳಿಗೆ ಎಲೆ ಅಲುಗಿದಾಗಲೆಲ್ಲ ಯಾರೋ ಬಂದರೆಂದು ಬಾಗಿಲು ತೆರೆಯಿತು. ಯಾರೂ ಇಲ್ಲವೆಂದು ಮುಚ್ಚಿತು. ಎಲ್ಲರಿಗಿಂತ ಮೊದಲು ಒಳಗೆ ಹೋಗಬೇಕಿದ್ದ ಹಸು ನಾಲ್ಕೂ ಕಾಲೂರಿ ನಿಂತುಬಿಟ್ಟಿತು.

“ಆ ಸುಯ್ ಅನ್ನೋದ ನಿಲ್ಸಿ ಸಾಮಿ,” ಎಂದ ಹಸುವಿನ ಒಡೆಯ ತಿಪ್ಪಯ್ಯ. “ಹಾವು ಅಂದ್ಕಂಡೈತೆ.”

ಕಟ್ಟಿದ ತೋರಣ ಬಿಚ್ಚಲು ಪುರೋಹಿತರು ಒಪ್ಪಲಿಲ್ಲ. ಕರೆಂಟು ತೆಗೆಸಿದರೆ ಬಾಗಿಲು ಮುಚ್ಚಿಕೊಂಡೇ ನಿಂತಿತು. ಕೊನೆಗೆ ಭಾವಮೈದುನ ಗುರುಪ್ರಸಾದ್ ಒಂದು ಹೋಳನ್ನು, ಶ್ರೀವಾಣಿ ಇನ್ನೊಂದನ್ನು ಎಳೆದು ಹಿಡಿದರು. ಅಂಥ ಹೊತ್ತಿನಲ್ಲೂ ಪಟ್ಟಾಭಿರಾಮರು ನೆಂಟರತ್ತ ತಿರುಗಿ, ಮೊದಲ ಕಥೆಯ ಚಿತ್ರೀಕರಣದಲ್ಲೂ ಇಬ್ಬರು ಮರೆಯಲ್ಲಿ ನಿಂತು ಹೀಗೆಯೇ ಎಳೆಯುತ್ತಿದ್ದರೆಂದು ವಿವರಿಸತೊಡಗಿದರು.

“ಅಪ್ಪಾ, ಕೈ ಸೋತ್ಹೋಗ್ತಿದೆ. ಮೊದ್ಲು ಹಸು ಕಳ್ಸಿ,” ಎಂದಳು ಶ್ರೀವಾಣಿ.

ಹಸು ಅರ್ಧ ಒಳಹೊಕ್ಕಿತ್ತು. ವಿವರಣೆ ಕೇಳಲು ಗುರುಪ್ರಸಾದ್ ತಲೆ ತಿರುಗಿಸಿದ. ಅವನ ಹೋಳು ಜಾರಿ ಹಸುವಿನ ಪಕ್ಕೆ ಸವರಿತು. ಗೋಮಾತೆ ಹಿಂಗಾಲಿನಿಂದ ಒಂದೇ ಒಂದು ಕೊಟ್ಟು ಒಳಗೆ ನುಗ್ಗಿದಳು. ಹಳಿ ತಪ್ಪಿದ ಹೋಳು ಇನ್ನೊಂದರ ಮೇಲೆ ಒರಗಿ, ದಾರಿಗೆ ಅಡ್ಡಲಾಗಿ ಸಿಕ್ಕಿಕೊಂಡಿತು. ಹಸು ಮಾತ್ರ ಹೊಸ ಮನೆಯನ್ನೆಲ್ಲ ಸಾವಕಾಶವಾಗಿ ನೋಡಿ, ಹಿತ್ತಿಲ ಬಾಗಿಲಿನಿಂದ ಹೊರಬಂತು.

ಮುಹೂರ್ತ ಮೀರುತ್ತಿತ್ತು. ಕಲಶ ಹಿಡಿದ ದಂಪತಿ ಹಸು ಹೊರಬಂದ ದಾರಿಯಲ್ಲೇ, ಪಾತ್ರೆ ತೊಳೆಯುವ ಕಲ್ಲನ್ನು ಸುತ್ತಿಕೊಂಡು ಹೋಗಿ, ಗೃಹಪ್ರವೇಶ ಮಾಡಿದರು. ಪಟ್ಟಾಭಿರಾಮರು ಬಾಯಿ ತೆರೆದರು.

“ಇದು ಯಾವ ಕಥೇಲಿ ಆಗಿತ್ತು ಅಂತ ಹೇಳ್ಬೇಡಿ,” ಎಂದರು ಕೌಸಲ್ಯ, ಕಲಶದಿಂದ ಕಣ್ಣೆತ್ತದೆ. “ಅಷ್ಟೆಲ್ಲ ಹಳೇದು ನೆನಪಿಟ್ಕೊಂಡಿದೀರಿ. ಹಸು ಒದೆಯುತ್ತೆ ಅನ್ನೋದೊಂದು ನೆನಪಿರ್ಲಿಲ್ವೇನ್ರೀ?”

ಮರುವಾರ ಗುಬ್ಬಿಯಿಂದ ತೇಗದ ಬಾಗಿಲು ಬಂತು. ಗತಿಸಿದ ಬಾಗಿಲು ತನ್ನ ಹಿಂದೆ ಬಿಟ್ಟುಹೋದದ್ದು ಇಷ್ಟು: ನೆಲದಲ್ಲಿ ಹೂತ ಒಂದು ಹಳಿ, ಗೋಡೆಯಲ್ಲಿ ಸೆನ್ಸರ್ ಕಿತ್ತ ತೂತು, ಮತ್ತು ತೇಗದ ಬಾಗಿಲಿನೆದುರು, ಅದು ತಾನಾಗಿ ಸರಿಯಲೆಂದು, ಇಂದಿಗೂ ಕ್ಷಣಕಾಲ ಎದೆಯುಬ್ಬಿಸಿ ನಿಲ್ಲುವ ಒಬ್ಬ ಯಜಮಾನರು.