ಬ್ರೇಕ್ ಮೇಷ್ಟ್ರು ಡೀಸೆಲ್ ಹಾಕಿಸಿದ್ದು

ಈ ಸಲ ತಪ್ಪಾಗುವ ಪ್ರಶ್ನೆಯೇ ಇಲ್ಲ, ಸಣ್ಣದರಿಂದ ದೊಡ್ಡದರವರೆಗೆ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದು ಬ್ರೇಕ್ ಮೇಷ್ಟ್ರು ಹಿಂದಿನ ದಿನವೇ ಊಟದ ತಟ್ಟೆಯ ಮುಂದೆ ಪ್ರಮಾಣವಚನ ಸ್ವೀಕರಿಸಿದ್ದರು.

ಮೇಷ್ಟ್ರು ಎಂದರೆ ಶಾಲೆಯವರಲ್ಲ, ಡ್ರೈವಿಂಗ್ ಸ್ಕೂಲಿನವರು. ಪಾಠದ ಕಾರಿನಲ್ಲಿ ಅವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇದೆ. ಕಲಿಯುವವನಿಗೆ ಬ್ರೇಕಿನ ಯೋಚನೆ ಬರುವ ಮೊದಲೇ ಇವರು ಅದನ್ನು ತುಳಿದಿರುತ್ತಾರೆ. ಹೆಸರು ಬಂದದ್ದು ಹಾಗೆ. ಇಪ್ಪತ್ತೊಂದು ವರ್ಷದಲ್ಲಿ ಅರ್ಧ ಊರಿಗೆ ಗಾಡಿ ಕಲಿಸಿದ್ದಾರೆ. ಆ ಅರ್ಧ ಊರು ಇವರನ್ನು ಕಂಡರೆ ಇವತ್ತಿಗೂ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತದೆ, ಅದೂ ಎರಡೂ ಕಡೆ ನೋಡಿಕೊಂಡು.

ಇಂಥವರ ಹೆಂಡತಿ ಬೈಕಿನ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದಳು. ಮೊದಲ ಸಲ ಎಂಟರ ಆಕಾರದ ತಿರುವಿನಲ್ಲಿ ಕಾಲು ನೆಲಕ್ಕೆ ತಾಗಿತು, ಎರಡನೆಯ ಸಲ ಕೋನ್ ಉರುಳಿತು. ಎರಡು ಸಲವೂ ಮೇಷ್ಟ್ರು ಮೈದಾನದ ಅಂಚಿನಲ್ಲಿ ನಿಂತು ಎರಡೂ ಕೈಯಲ್ಲಿ ಸನ್ನೆ ಮಾಡಿದ್ದೇ ಮಾಡಿದ್ದು. ದೀಪದ ಬುಡದಲ್ಲಿ ಕತ್ತಲೆ ಎಂದು ಬೇರೆ ಡ್ರೈವಿಂಗ್ ಸ್ಕೂಲಿನವರು ಆಡಿಕೊಂಡದ್ದು ಅವರ ಕಿವಿಗೂ ಬಿದ್ದಿತ್ತು.

ಆದರೆ ಈಗ ಇದ್ದದ್ದು ಮರ್ಯಾದೆಯ ಮಾತಲ್ಲ. ಆಕೆ ನರ್ಸು. ಎಂಟು ವರ್ಷ ರಾತ್ರಿ ಪಾಳಿ ಮಾಡಿದ ಮೇಲೆ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಹಗಲಿನ ಕೆಲಸ ಕೈಗೆ ಬಂದಿತ್ತು. ಸೋಮವಾರದೊಳಗೆ ಲೈಸೆನ್ಸ್ ತೋರಿಸಬೇಕು, ಇಲ್ಲದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ. ಇವತ್ತು ಶುಕ್ರವಾರ, ಟೆಸ್ಟು ಹತ್ತು ಗಂಟೆಗೆ.

ಬೈಕಿಗೆ ಪೆಟ್ರೋಲು ಹಾಕಿಸುವುದು ಯಾವಾಗಲೂ ಆಕೆಯೇ. ಆದರೆ ಎಲ್ಲವನ್ನೂ ನೋಡಿಕೊಳ್ಳುವುದಾಗಿ ಮೇಷ್ಟ್ರು ಮಾತು ಕೊಟ್ಟಾಗಿದೆಯಲ್ಲ. ಬೆಳಿಗ್ಗೆ ಬೈಕು ಹತ್ತಿ ಹತ್ತಿರದ ಬಂಕಿಗೆ ಹೋದರು. ಹದಿನಾಲ್ಕು ವರ್ಷದಿಂದ ಸ್ಕೂಲಿನ ಡೀಸೆಲ್ ಕಾರನ್ನು ಎಲ್ಲಿ ನಿಲ್ಲಿಸುತ್ತಿದ್ದರೋ ಅಲ್ಲೇ ಬೈಕನ್ನೂ ನಿಲ್ಲಿಸಿದರು. ಹದಿನಾಲ್ಕು ವರ್ಷದಿಂದ ಬಾಯಿಗೆ ಬರುತ್ತಿದ್ದದ್ದೇ ಬಂತು.

"ಡೀಸೆಲ್. ಫುಲ್ ಮಾಡು."

ಪೈಪು ಹಿಡಿದಿದ್ದ ದಪ್ಪ ಮೀಸೆಯವನು ಬೈಕನ್ನು ನೋಡಿದ, ಮೇಷ್ಟ್ರನ್ನು ನೋಡಿದ. "ಡೀಸೆಲ್ಲಾ ಸಾರ್?"

"ಹೇಳಿದ್ದನ್ನ ಮಾಡಪ್ಪಾ. ನಿನಗೆ ಆಗಲೂ ಇದೇ ಕಾಯಿಲೆ, ಒಂದು ಹೇಳಿದ್ರೆ ಹತ್ತು ಪ್ರಶ್ನೆ."

ಮೀಸೆಯವನು ಅವರ ಹಳೆಯ ಶಿಷ್ಯ, ಮೂರು ಸಲ ಫೇಲಾಗಿ ನಾಲ್ಕನೆಯ ಸಲ ದಡ ಸೇರಿದವನು. ಮೇಷ್ಟ್ರಿಗೆ ಎದುರು ಮಾತಾಡಿದರೆ ಏನಾಗುತ್ತದೆ ಎಂಬುದು ಅವನಿಗೆ ಅನುಭವದಿಂದ ಗೊತ್ತಿತ್ತು. ತೆಪ್ಪಗೆ ಹಾಕಿದ. ಮೇಷ್ಟ್ರು ಆ ಹೊತ್ತಿನಲ್ಲಿ ಟೈರುಗಳನ್ನು ಒತ್ತಿ ನೋಡುತ್ತಿದ್ದರು. ಸಣ್ಣ ವಿಷಯವೂ ಅವರ ಕಣ್ಣು ತಪ್ಪುವ ಹಾಗಿರಲಿಲ್ಲ.

ಮನೆಯವರೆಗೆ ಬೈಕು ಚೆನ್ನಾಗಿಯೇ ಓಡಿತು. ಒಳಗೆ ಉಳಿದಿದ್ದ ಹಳೆಯ ಪೆಟ್ರೋಲು ತನ್ನ ಕೊನೆಯ ಸೇವೆ ಸಲ್ಲಿಸುತ್ತಿತ್ತು. ಒಂಬತ್ತೂಕಾಲಿಗೆ ಗಂಡ ಹೆಂಡತಿ ಹೊರಟರು. ಆಕೆ ಮುಂದೆ, ಹಿಂದೆ ಮೇಷ್ಟ್ರು, ಮೇಷ್ಟ್ರ ಬಾಯಲ್ಲಿ ಪಾಠ. ಎರಡನೆಯ ವೃತ್ತ ದಾಟುತ್ತಲೇ ಬೈಕು ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ನಿಂತೇಬಿಟ್ಟಿತು.

"ಕ್ಲಚ್ ಅರ್ಧ ಹಿಡಿದು ಓಡಿಸ್ತಿದ್ದೆ," ಎಂದರು ಮೇಷ್ಟ್ರು.

"ಇಲ್ಲ."

"ಹಾಗಾದ್ರೆ ಚೋಕ್ ಎಳೆದಿದ್ದೀಯ."

"ಇಲ್ಲ ರೀ."

"ಏನೂ ಮಾಡದೆ ಗಾಡಿ ತಾನಾಗೇ ನಿಲ್ಲತ್ತಾ? ಗಾಡಿ ಯಾವತ್ತೂ ತಪ್ಪು ಮಾಡಲ್ಲ, ತಪ್ಪು ಮಾಡೋದು ಓಡಿಸೋನು. ಇಳಿ ಕೆಳಗೆ."

ಮೇಷ್ಟ್ರು ಕಿಕ್ ಹೊಡೆಯಲು ಶುರುಮಾಡಿದರು. ಏಳನೆಯದಕ್ಕೆ ಚಪ್ಪಲಿ ಕಾಲು ಬಿಟ್ಟು ರಸ್ತೆಯ ಆಚೆ ಹೋಯಿತು. ಇಪ್ಪತ್ತನೆಯದಕ್ಕೆ ಮೇಷ್ಟ್ರೇ ಹೋಗುವ ಸ್ಥಿತಿಗೆ ಬಂದರು. ಅಷ್ಟರಲ್ಲಿ ಆಕೆ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದಳು.

"ರೀ, ಏನು ಹಾಕಿಸಿದ್ರಿ?"

"ಏನು ಅಂದ್ರೆ? ಹಾಕಿಸೋದನ್ನೇ ಹಾಕಿಸಿದ್ದೀನಿ."

"ನಮ್ಮ ಆಸ್ಪತ್ರೆ ಜನರೇಟರ್ ರೂಮಿನ ವಾಸನೆ ಬರ್ತಿದೆ."

ಮೇಷ್ಟ್ರು ಬಗ್ಗಿ ಮೂಸಿದರು. ಮೂಗಿನ ಮೇಲೆ ನಂಬಿಕೆ ಸಾಲದೆ ಬೆರಳು ಅದ್ದಿ ನೋಡಿದರು. ಬೆಳಗಿನ ತಮ್ಮದೇ ಮಾತು ತಮ್ಮದೇ ಕಿವಿಯಲ್ಲಿ ಕೇಳಿಸಿತು. ಮರ್ಯಾದೆ ಹೋದರೆ ಹೋಗಲಿ, ಇವಳ ಕೆಲಸ ಹೋಗುತ್ತದಲ್ಲ ಎಂದು ಅವರಿಗೆ ನಿಜಕ್ಕೂ ಭಯವಾಯಿತು. ಗಂಟೆ ಒಂಬತ್ತೂ ಮುಕ್ಕಾಲು, ಮೈದಾನ ಇನ್ನೂ ಎರಡು ಕಿಲೋಮೀಟರ್ ದೂರ.

ಆಕೆ ಕೂಗಾಡಲಿಲ್ಲ. ಹೆಲ್ಮೆಟ್ ತೆಗೆದು ಫುಟ್‌ಪಾತಿನ ಅಂಚಿಗೆ ಕೂತಳು. "ಇದನ್ನೇ ನಾನು ಮಾಡಿದ್ದಿದ್ರೆ, ಇಷ್ಟು ಹೊತ್ತಿಗೆ ಏನೇನು ಅಂತಿದ್ರಿ?"

ಮೇಷ್ಟ್ರು ಆ ಪಟ್ಟಿಯನ್ನು ಮನಸ್ಸಿನಲ್ಲೇ ಓದಿಕೊಂಡರು. ಉದ್ದವಿತ್ತು.

ಆಗ ಹಿಂದಿನಿಂದ ಒಂದು ಬೈಕು ಬಂದು ನಿಂತಿತು. ಮೀಸೆಯವನು.

"ನಿಂತುಹೋಯ್ತಾ ಸಾರ್?"

"ನಿನಗೆ ಹೇಗೆ ಗೊತ್ತಾಯ್ತು?"

"ನಿಲ್ಲಲೇಬೇಕಲ್ಲ ಸಾರ್." ಅವನು ಮೀಸೆ ಒರೆಸಿಕೊಂಡ. "ಬೈತೀರಿ ಅಂತ ಹಾಕಿಬಿಟ್ಟೆ. ಆಮೇಲೆ ಮನಸ್ಸು ತಡೀಲಿಲ್ಲ. ಪಾಳಿ ಮುಗಿದ ಕೂಡಲೇ ನಿಮ್ಮ ಮನೆ ಹತ್ರ ಹೋದೆ, ಟೆಸ್ಟಿಗೆ ಹೋದ್ರು ಅಂತ ಪಕ್ಕದ ಮನೆಯವರು ಅಂದ್ರು."

ಆಕೆ ಎದ್ದು ಹೆಲ್ಮೆಟ್ ಹಾಕಿಕೊಂಡಳು. "ಅಣ್ಣಾ, ನಿಮ್ಮ ಗಾಡಿ ಒಂದು ಗಂಟೆ ಕೊಡ್ತೀರಾ? ನೀವು ಹಿಂದೆ ಕೂತ್ಕೊಳ್ಳಿ."

"ಗುರುತಿಲ್ಲದ ಗಾಡಿ," ಎಂದು ಮೇಷ್ಟ್ರು ಶುರುಮಾಡಿದರು, "ಮೊದಲು ಒಂದು ಸುತ್ತು ಹೊಡೆದು, ಕ್ಲಚ್ ಎಷ್ಟರಲ್ಲಿ ಹಿಡಿಯತ್ತೆ ನೋಡಿ, ಆಮೇಲೆ..."

"ನೀವು ಇದನ್ನ ತಳ್ಳಿಕೊಂಡು ಬನ್ನಿ. ನ್ಯೂಟ್ರಲ್‌ನಲ್ಲಿ ಇಡೋದನ್ನ ಮರೀಬೇಡಿ," ಎಂದು ಹೇಳಿ ಆಕೆ ಹೊರಟೇಹೋದಳು.

ಟ್ಯಾಂಕು ತುಂಬಿದ ಬೈಕು ಎಷ್ಟು ಭಾರ ಎಂಬುದು ತಳ್ಳಿದವರಿಗೇ ಗೊತ್ತು. ಎರಡು ಕಿಲೋಮೀಟರ್ ಉದ್ದಕ್ಕೂ ಶಿಷ್ಯಕೋಟಿ ಮೇಷ್ಟ್ರನ್ನು ಕಣ್ತುಂಬ ನೋಡಿತು. ಆವತ್ತು ಯಾರೂ ರಸ್ತೆ ದಾಟಿ ತಪ್ಪಿಸಿಕೊಳ್ಳಲಿಲ್ಲ. ತರಕಾರಿ ವ್ಯಾನಿನವನು ನಿಧಾನ ಮಾಡಿ, "ಇನ್ನೂ ಸ್ವಲ್ಪ ಎಡಕ್ಕೆ ತಳ್ಳಿ ಸಾರ್, ಹಿಂದಿನ ಗಾಡಿಗೆ ದಾರಿ ಬೇಕು," ಎಂದ. ಹೊಲಿಗೆ ಅಂಗಡಿಯಾಕೆ ಬಾಗಿಲಿಗೆ ಬಂದು, "ಸಾರ್, ತಿರುಗೋ ಮುಂಚೆ ಇಂಡಿಕೇಟರ್," ಎಂದು ನೆನಪಿಸಿದಳು. ಎಲ್ಲವೂ ಸರಿಯಾದ ಮಾತುಗಳು. ಕಲಿಸಿದವರು ತಾವೇ ಆದ್ದರಿಂದ ಮೇಷ್ಟ್ರು ಬಾಯಿ ಮುಚ್ಚಿಕೊಂಡು ಇಂಡಿಕೇಟರ್ ಹಾಕಿದರು.

ಮೈದಾನ ತಲುಪಿದಾಗ ಹತ್ತೂವರೆ. ಅಂಗಿ ಬೆನ್ನಿಗೆ ಅಂಟಿತ್ತು. ಗೇಟಿನ ಹತ್ತಿರ ಆಕೆ, ಮೀಸೆಯವನು, ಕೈಯಲ್ಲಿ ಕಾಗದ ಹಿಡಿದ ಇನ್‌ಸ್ಪೆಕ್ಟರ್ ಮೂವರೂ ನಿಂತಿದ್ದರು. ಆಕೆಯ ಮುಖ ನೋಡಿ ಏನೂ ತಿಳಿಯಲಿಲ್ಲ. ಮೇಷ್ಟ್ರಿಗೆ ಕೇಳಲು ಧೈರ್ಯ ಬರಲಿಲ್ಲ.

"ಪಾಸು ಮೇಷ್ಟ್ರೇ," ಎಂದರು ಇನ್‌ಸ್ಪೆಕ್ಟರ್. "ಕಾಲು ಕೆಳಗಿಟ್ಟಿಲ್ಲ, ಕೋನ್ ಮುಟ್ಟಿಲ್ಲ. ಕಾಗದಪತ್ರ ಇವತ್ತೇ ಕೊಡ್ತೀನಿ, ಸೋಮವಾರ ಕೆಲಸಕ್ಕೆ ಸೇರಬಹುದು."

ಮೇಷ್ಟ್ರು ಬೈಕಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಹೆಂಡತಿಯ ಕೈ ಹಿಡಿದುಕೊಂಡರು. ಬೀಳುತ್ತಿದ್ದ ಬೈಕನ್ನು ಮೀಸೆಯವನು ಹಿಡಿದ. ಕಣ್ಣಲ್ಲಿ ನೀರು ಬಂದದ್ದನ್ನು ಬೆವರಿನ ಲೆಕ್ಕಕ್ಕೆ ಹಾಕಿ ಒರೆಸಿಕೊಂಡರು. ಸಂತೋಷ ಎಷ್ಟಿತ್ತೆಂದರೆ, ಅರ್ಧ ನಿಮಿಷದಲ್ಲೇ ಹಳೆಯ ಚಾಳಿ ಮರಳಿತು.

"ಮೂರು ತಿಂಗಳು ದಿನಾ ಬೆಳಿಗ್ಗೆ ಪಾಠ ಹೇಳಿದ್ದು ಸುಮ್ಮನೆ ಹೋಗತ್ತಾ ಸಾರ್? ನೋಡಿ, ಮೂರನೇ ಸಲಕ್ಕೆ ಹೇಗೆ ಕೈಗೂಡ್ತು."

"ಮೇಷ್ಟ್ರೇ, ಹಿಂದಿನ ಎರಡು ಸಲ ಈಯಮ್ಮ ದಾರಿ ನೋಡಲೇ ಇಲ್ಲ, ನಿಮ್ಮ ಮುಖಾನೇ ನೋಡ್ತಾ ಗಾಡಿ ಓಡಿಸಿದ್ರು. ಇವತ್ತು ನೋಡೋಕೆ ಮುಖ ಇರಲಿಲ್ಲ, ದಾರಿ ಕಂಡಿತು," ಎಂದರು ಇನ್‌ಸ್ಪೆಕ್ಟರ್.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಆಕೆ ಹೆಲ್ಮೆಟ್ಟಿನ ಬಕಲ್ ಸರಿಮಾಡಿಕೊಳ್ಳುತ್ತಿದ್ದಳು.

ಇನ್‌ಸ್ಪೆಕ್ಟರ್ ಕಾಗದಕ್ಕೆ ಸಹಿ ಹಾಕಿ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. "ಬುಧವಾರ ನಿಮ್ಮ ಸ್ಕೂಲಿನ ಹನ್ನೊಂದು ಜನರ ಟೆಸ್ಟಿದೆ. ಪಾಪ, ಬಡಪಾಯಿಗಳು. ಅವತ್ತೂ ದಯವಿಟ್ಟು ಬೈಕಿಗೆ ಡೀಸೆಲ್ ಹಾಕಿಸಿಕೊಂಡೇ ಮನೆ ಬಿಡಿ."